ನಮ್ಮ ತಾರಸಿಯ ಮುಸಿಯಾಗಳು ಮತ್ತು ಒಂದು ಫಾರ್ವರ್ಡ್

1/8

ಫೋಟೋದಲ್ಲಿ ನಮ್ಮ ಮನೆ ನೀರಿನ ಟ್ಯಾಂಕ್ ಮೇಲೆ ಬಾಲ ಇಳಿಬಿಟ್ಟು ಕೂತಿರೋಳು ಕಿವಿಹರಕಿ. ಹೆಸರಿಟ್ಟಿದ್ದು ನನ್ನ ಮಗಳು. ಝೂಮ್ ಮಾಡಿ ನೋಡಿ, ಬಲಗಿವಿಯ ಅಂಚು ಸೀಳಿದೆ. ಧಾರವಾಡದವರಿಗೆ ಪರಿಚಯ ಮಾಡಿಸಬೇಕಿಲ್ಲ, ಉಳಿದವರಿಗೆ ಹೇಳ್ತೀನಿ: ಕರಿ ಮುಖ, ಬೂದಿ ಮೈ, ಮೈಗಿಂತ ಉದ್ದ ಬಾಲ. ನಮ್ಮ ಕಡೆ ಮುಸಿಯಾ ಅಂತೀವಿ. ಪುಸ್ತಕದಲ್ಲಿ ಹನುಮಾನ್ ಲಂಗೂರ್.

ಈ ಸರಣಿ ಬರೀಬೇಕು ಅಂತ ಎರಡು ತಿಂಗಳಿಂದ ಅಂದ್ಕೊಳ್ತಿದ್ದೆ. ಕಾರಣ ಒಂದು ವಿಡಿಯೋ. ಒಂದು ದಿನ ಬೆಳಗ್ಗೆ ಆರೂವರೆಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂತು. ದೊಡ್ಡದೊಂದು ಗಂಡು ಮುಸಿಯಾ, ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ದ ಮರಿಯನ್ನ ಕಿತ್ತುಕೊಳ್ಳೋಕೆ ನುಗ್ಗುತ್ತೆ. ಪೂರ್ತಿ ನೋಡೋಕೆ ನನ್ನ ಕೈಲಿ ಆಗಲಿಲ್ಲ. ಕೆಳಗೆ ಒಂದು ಸಾಲು ಬರೆದಿದ್ರು: “ನಿಸರ್ಗದ ನಿಯಮ. ಬೇರೆಯವನ ಮರಿಯನ್ನ ಯಾವ ಗಂಡೂ ಸಾಕಲ್ಲ.”

ಯಾರಿಗೆ ಅಂತ ಹೆಸರು ಹಾಕಿರಲಿಲ್ಲ. ಹಾಕೋದು ಬೇಕಾಗಿರಲೂ ಇಲ್ಲ. ಗ್ರೂಪಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಗಳ ಅಪ್ಪ ತೀರಿಕೊಂಡು ಐದು ವರ್ಷ ಆಯ್ತು. ಅವಳಿಗೀಗ ಎಂಟು. ಹೋದ ವರ್ಷ ಒಬ್ಬರ ಪರಿಚಯ ಆಯ್ತು. ನಿಧಾನಕ್ಕೆ ಇಬ್ಬರೂ ಮದುವೆ ಮಾತಾಡೋ ಹಂತಕ್ಕೆ ಬಂದ್ವಿ. ಮನೇಲಿ ಹೇಳಿದ ಮೂರನೇ ದಿನ ಆ ವಿಡಿಯೋ ಬಂತು.

ಮೊದಲು ಸಿಟ್ಟು ಬಂತು. ಸಂಜೆ ಹೊತ್ತಿಗೆ ಸಿಟ್ಟು ಇಳೀತು. ಇಳಿದ ಮೇಲೆ ಕೆಳಗೆ ಇದ್ದಿದ್ದು ಹೆದರಿಕೆ. ಯಾಕಂದ್ರೆ ಅದೇ ಪ್ರಶ್ನೆಯನ್ನ ನಾನೇ ಎಷ್ಟೋ ರಾತ್ರಿ, ಪಕ್ಕದಲ್ಲಿ ಮಗಳು ನಿದ್ದೆ ಮಾಡ್ತಿರುವಾಗ, ನನ್ನನ್ನ ಕೇಳ್ಕೊಂಡಿದ್ದೆ. ಅವರು ಅದನ್ನ ಗ್ರೂಪಿಗೆ ಹಾಕಿದ್ರು, ಅಷ್ಟೇ ವ್ಯತ್ಯಾಸ.

ಓದೋಣ ಅಂತ ಕೂತೆ. ಓದ್ತಾ ಹೋದ್ರೆ ಕಥೆ ಶುರುವಾಗೋದೇ ನಮ್ಮೂರಿಂದ!

2/8

ಇದು ಊರಿನ ಪಶ್ಚಿಮಕ್ಕೆ, ಹಳಿಯಾಳ ರಸ್ತೆಯಲ್ಲಿ ಮೊನ್ನೆ ತೆಗೆದಿದ್ದು. ಹೊಲ ಮುಗಿದು ಕಾಡು ಶುರುವಾಗೋ ಜಾಗ.

1961. ಜಪಾನಿನ ಕ್ಯೋಟೋ ಕಡೆಯಿಂದ ಸಂಶೋಧಕರ ಒಂದು ತಂಡ ಧಾರವಾಡಕ್ಕೆ ಬಂತು. ಭಾರತದವರೂ ಜೊತೆಗಿದ್ದ ಜಂಟಿ ಅಧ್ಯಯನ ಅದು. ತಂಡದಲ್ಲಿ ಯುಕಿಮಾರು ಸುಗಿಯಾಮಾ ಅಂತ ಒಬ್ಬ ತರುಣ ಇದ್ದ, ಇನ್ನೂ ಮೂವತ್ತು ಮುಟ್ಟಿರಲಿಲ್ಲ. ಎರಡು ವರ್ಷದಷ್ಟು ಕಾಲ ಅವರು ನಮ್ಮ ಮುಸಿಯಾಗಳ ಹಿಂದೆ ಬಿದ್ದರು. ಧಾರವಾಡವೇ ಯಾಕೆ ಅಂದ್ರೆ ಇಲ್ಲಿ ಮುಸಿಯಾ ಬಹಳ. ಒಂದು ಗುಂಪಿನ ಜಾಗಕ್ಕೆ ಇನ್ನೊಂದರ ಜಾಗ ಒತ್ತಿಕೊಂಡೇ ಇರ್ತದೆ.

ಆ ಗುಂಪಿನ ಸಂಸಾರ ಹೇಗಿರ್ತದೆ ಅಂತ ಹೇಳಿಬಿಡ್ತೀನಿ. ಇಲ್ಲಿ ಬಹಳಷ್ಟು ಗುಂಪಿನಲ್ಲಿ ದೊಡ್ಡ ಗಂಡು ಒಂದೇ. ಹೆಣ್ಣುಗಳು ಹಲವು, ಅವೆಲ್ಲ ಹುಟ್ಟಿದ ಗುಂಪಿನಲ್ಲೇ ಉಳಿಯೋವು, ಅಂದ್ರೆ ತಾಯಿ, ಮಗಳು, ಚಿಕ್ಕಮ್ಮ, ಅಜ್ಜಿ. ಗಂಡುಮರಿ ಬೆಳೆದ ಮೇಲೆ ಹೊರಗೆ. ಹೊರಗಿರೋ ಗಂಡುಗಳದ್ದೇ ಬೇರೆ ಟೋಳಿ.

1962ರಲ್ಲಿ ಅಂಥ ಒಂದು ಟೋಳಿ ಸುಗಿಯಾಮಾ ನೋಡ್ತಿದ್ದ ಗುಂಪಿನ ಮೇಲೆ ಬಿತ್ತು. ಹಳೇ ಗಂಡು ಸೋತು ಹೋಯ್ತು. ಗೆದ್ದವರೊಳಗೇ ಮತ್ತೆ ಜಗಳ ಆಗಿ ಕೊನೆಗೆ ಒಂದು ಗಂಡು ಮಾತ್ರ ಉಳೀತು. ಆಮೇಲೆ ಗುಂಪಿನ ಎಳೇ ಮರಿಗಳು ಕಚ್ಚಿಸಿಕೊಂಡು ಒಂದೊಂದಾಗಿ ಇಲ್ಲವಾದವು. ಮರಿ ಕಳಕೊಂಡ ತಾಯಂದಿರು ಸ್ವಲ್ಪ ದಿನಕ್ಕೆ ಅದೇ ಗಂಡಿನ ಜೊತೆ ಕೂಡಿದವು.

ಇದು ಆಕಸ್ಮಿಕವೋ ಏನೋ ಅಂತ ತಿಳಿಯೋಕೆ ಸುಗಿಯಾಮಾ ಮುಂದೆ ಇನ್ನೊಂದು ಗುಂಪಿನಿಂದ ಗಂಡನ್ನ ತಾನೇ ಹಿಡಿದು ತೆಗೆದ. ಹೊಸ ಗಂಡು ಬಂತು. ಮತ್ತೆ ಮರಿಗಳು ಸತ್ತವು.

ಆ ಸಾಲು ಓದಿ ಫೋನ್ ಕೆಳಗಿಟ್ಟೆ. ಆ ಪ್ರಯೋಗದ ಬಗ್ಗೆ ನಂಗೆ ಇವತ್ತಿಗೂ ಸಮಾಧಾನ ಇಲ್ಲ. ಆದ್ರೆ ಆತ ಕಂಡಿದ್ದನ್ನ ಮುಚ್ಚಿಡಲಿಲ್ಲ. 1965ರಲ್ಲಿ ಪ್ರಕಟಿಸಿದ. ಮುಸಿಯಾ ಗಂಡು ಮರಿ ಕೊಲ್ತದೆ ಅನ್ನೋದು ವಿವರವಾಗಿ ವಿಜ್ಞಾನದ ಕಡತಕ್ಕೆ ಸೇರಿದ್ದು ಹೀಗೆ, ನಮ್ಮ ಧಾರವಾಡದಿಂದ.

ಅಂದ್ರೆ ವಿಡಿಯೋ ಕಳಿಸಿದೋರು ಸುಳ್ಳು ಕಳಿಸಿರಲಿಲ್ಲ. ಅದೇ ನನ್ನ ಸಂಕಟ.

3/8

ಇದು ಮಗಳ ನೋಟ್‌ಬುಕ್ಕಿನ ಮೊದಲ ಪುಟ. ಅಕ್ಷರ ತಪ್ಪು ಹಾಗೇ ಇರಲಿ ಬಿಟ್ಟಿದ್ದೀನಿ.

ಸುಗಿಯಾಮಾ ಕಂಡಿದ್ದು ಬೇರೆಯವರಿಗೆ ಯಾಕೆ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ? ಇದಕ್ಕೆ ಒಂದು ಉತ್ತರ ಆತ ಕಲಿತು ಬಂದ ಪದ್ಧತಿಯಲ್ಲಿದೆ. ಕಿಂಜಿ ಇಮಾನಿಶಿ ಅನ್ನೋರು ಮತ್ತು ಅವರ ಶಿಷ್ಯರು 1948ರಲ್ಲಿ ಜಪಾನಿನ ಮಂಗಗಳ ಅಧ್ಯಯನ ಶುರು ಮಾಡಿದಾಗ ಒಂದು ಕೆಲಸ ಮಾಡಿದ್ರು. ಪ್ರತಿಯೊಂದು ಮಂಗನ ಮುಖ ಗುರುತಿಟ್ಟುಕೊಂಡು, ಒಂದೊಂದಕ್ಕೂ ಹೆಸರಿಟ್ಟು, ವರ್ಷಗಟ್ಟಲೆ ನೋಡಿದ್ರು. ಯಾರ ಮಗಳು ಯಾರು, ಯಾರಿಗೂ ಯಾರಿಗೂ ಆಗಿಬರಲ್ಲ, ಎಲ್ಲ ಬರೆದಿಟ್ಟರು. ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಗೆಣಸು ತೊಳೆದು ತಿನ್ನೋದನ್ನ ಶುರು ಮಾಡಿದ ಮರಿಮಂಗನ ಹೆಸರು ಇಮೋ ಅಂತ ನಮಗೆ ಇವತ್ತು ಗೊತ್ತಿರೋದು ಅದಕ್ಕೇ.

ಪಶ್ಚಿಮದ ಎಷ್ಟೋ ವಿಜ್ಞಾನಿಗಳು ಆಗ ಮೂಗು ಮುರಿದರು. ಪ್ರಾಣಿಗೆ ಹೆಸರಿಡೋದಾ? ಇದು ವಿಜ್ಞಾನವಾ, ಮಕ್ಕಳ ಕಥೆಯಾ?

ಆದ್ರೆ ಯೋಚನೆ ಮಾಡಿ. ಹೆಸರೇ ಇಲ್ಲದೆ “ಒಂದು ಗಂಡು, ಹತ್ತು ಹೆಣ್ಣು, ನಾಲ್ಕು ಮರಿ” ಅಂತ ಬರೆದಿದ್ರೆ, ಮುಂದಿನ ತಿಂಗಳು ಅಲ್ಲಿ ಇರೋ ಗಂಡು ಬೇರೆಯದು ಅಂತ ಹೇಗೆ ಗೊತ್ತಾಗ್ಬೇಕು? ಸತ್ತ ಮರಿ ಯಾರದ್ದು ಅಂತ ಹೇಗೆ ಗೊತ್ತಾಗ್ಬೇಕು? ಮುಖ ಗೊತ್ತಿದ್ದವರಿಗೆ ಮಾತ್ರ ಈ ಘಟನೆ ಕಾಣ್ತದೆ.

ನಾನು ಇದನ್ನ ಮಗಳಿಗೆ ಹೇಳಿದೆ, ಮರಿ ಕೊಲ್ಲೋ ಭಾಗ ಬಿಟ್ಟು. ಮರುದಿನ ಸ್ಕೂಲಿಂದ ಬಂದವಳೇ ಹಳೇ ನೋಟ್‌ಬುಕ್ ಹುಡುಕಿ ತಾರಸಿ ಹತ್ತಿದಳು. ಕಿವಿಹರಕಿ, ಮೋಟುಬಾಲ, ಬಿಳಿಹುಬ್ಬು, ಸೊಟ್ಟಬೆರಳು, ದೊಡ್ಡಜ್ಜಿ. ಒಂದು ವಾರಕ್ಕೆ ಒಂಬತ್ತು ಹೆಸರು. ಅಲ್ಲಿ ತನಕ ನಮಗೆ ಅವೆಲ್ಲ ಬರೀ “ಮಂಗ್ಯಾ ಬಂದಾವ, ಬಟ್ಟಿ ತೆಗೀರಿ” ಆಗಿದ್ವು.

4/8

ಇದು ಗಂಡು. ಹೆಸರು ಪೊಲೀಸಪ್ಪ. ಹತ್ತಿರ ಹೋಗಿ ತೆಗೆದಿಲ್ಲ, ಝೂಮ್ ಅದು. ನೀವೂ ಹೋಗ್ಬೇಡಿ, ತಿನ್ನೋಕೂ ಕೊಡ್ಬೇಡಿ.

ಸುಗಿಯಾಮಾನ ವರದಿಯನ್ನ ಯಾರೂ ಸುಲಭಕ್ಕೆ ನಂಬಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಫಿಲ್ಲಿಸ್ ಜೇ ಅನ್ನೋರು ಮಧ್ಯ ಮತ್ತು ಉತ್ತರ ಭಾರತದಲ್ಲಿ ಇದೇ ಜಾತಿಯನ್ನ ನೋಡಿದ್ರು. ಅವರಿಗೆ ಕಂಡಿದ್ದು ಶಾಂತ ಸ್ವಭಾವದ, ಜಗಳ ಕಡಿಮೆ ಇರೋ ಗುಂಪುಗಳು. ಹಾಗಾದ್ರೆ ಧಾರವಾಡದ ಮುಸಿಯಾಗಳಿಗೆ ಏನೋ ಆಗಿದೆ, ಸಂಖ್ಯೆ ಜಾಸ್ತಿಯಾಗಿ ತಲೆ ಕೆಟ್ಟಿದೆ ಅಂದ್ರು ಹಲವರು. ನಾವು ಮನುಷ್ಯರು ಸಿಟಿ ಬಗ್ಗೆ ಹೇಳೋ ಹಾಗೇ.

1971ರಲ್ಲಿ ಅಮೆರಿಕದ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬೂಗೆ ಬಂದ್ರು. ಹಾರ್ವರ್ಡ್ ವಿದ್ಯಾರ್ಥಿನಿ, ವಯಸ್ಸು 25. ಅವರೂ ಅದೇ ಊಹೆ ಹಿಡ್ಕೊಂಡು ಬಂದಿದ್ದು: ದಟ್ಟಣೆಯೇ ಕಾರಣ ಇರ್ಬೇಕು. ಅಬೂನಲ್ಲಿ ನೋಡ್ತಾ ನೋಡ್ತಾ ಊಹೆ ಬಿತ್ತು. ಅಲ್ಲೇ ಇದ್ದ ಗಂಡುಗಳು ಮರಿಗಳ ತಂಟೆಗೆ ಹೋಗ್ತಿರಲಿಲ್ಲ. ಎಷ್ಟೋ ಸಲ ಮರಿ ಮೈಮೇಲೆ ಹತ್ತಿ ಕುಣಿದ್ರೂ ಸುಮ್ಮನಿರ್ತಿದ್ವು. ಮರಿಗೆ ಅಪಾಯ ಬರ್ತಿದ್ದಿದ್ದು ಹೊರಗಿಂದ ಹೊಸ ಗಂಡು ಬಂದು ಗುಂಪು ಹಿಡಿದಾಗ.

ಹರ್ಡಿ ಕೊಟ್ಟ ಲೆಕ್ಕ ಹೀಗಿದೆ. ಹಾಲು ಕುಡಿಸೋ ತಾಯಿ ಬೇಗ ಮತ್ತೆ ಬಸಿರಾಗಲ್ಲ. ಗುಂಪು ಹಿಡಿದ ಗಂಡಿಗೆ ಅಧಿಕಾರ ಇರೋದು ಸರಾಸರಿ ಎರಡು ವರ್ಷದ ಆಚೀಚೆ. ಹಳೇ ಗಂಡಿನ ಮರಿ ಹೋದ್ರೆ ತಾಯಿ ಬೇಗ ಸಿದ್ಧಳಾಗ್ತಾಳೆ, ಹೊಸ ಗಂಡಿನ ಮರಿ ಹುಟ್ಟಿ, ಅಪ್ಪ ಇರುವಾಗಲೇ ಸ್ವಲ್ಪ ದೊಡ್ಡದಾಗ್ತದೆ. ತಲೆಕೆಟ್ಟ ಕೆಲಸ ಅಲ್ಲ ಅದು, ತಣ್ಣನೆಯ ಲೆಕ್ಕ. ಗಂಡು ಕೂತು ಲೆಕ್ಕ ಹಾಕ್ತದೆ ಅಂತ ಅಲ್ಲ. ಹಾಗೆ ಮಾಡಿದವುಗಳ ಸಂತಾನ ಹೆಚ್ಚು ಉಳಿದಿರೋದರಿಂದ ಆ ಗುಣ ಉಳಿದಿದೆ ಅಂತ.

1977ರಲ್ಲಿ ಅವರ ಪುಸ್ತಕ ಬಂದ ಮೇಲೆ ಇಪ್ಪತ್ತು ವರ್ಷ ಜಗಳ ನಡೀತು. 1999ರಲ್ಲಿ ನೇಪಾಳದ ರಾಮನಗರದ ಮುಸಿಯಾಗಳ ಡಿಎನ್‌ಎ ಪರೀಕ್ಷೆ ಪ್ರಕಟ ಆಯ್ತು. ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ಅಪ್ಪ ಆಗಿರಲಿಲ್ಲ.

ಇಲ್ಲಿಗೆ ಓದು ನಿಲ್ಲಿಸಿದ್ರೆ, ಫಾರ್ವರ್ಡ್ ಮಾಡಿದೋರು ಗೆದ್ದ ಹಾಗೆ. ನಾನು ಎರಡು ದಿನ ನಿಲ್ಲಿಸಿದ್ದೆ ಕೂಡ. ಅವರ ಫೋನು ಬಂದ್ರೆ ಎತ್ತಲಿಲ್ಲ.

5/8

ಇಲ್ಲಿ ಕರಿ ಉಂಡೆ ಥರ ಕಾಣೋದು ಹೊಸ ಮರಿ. ಹುಟ್ಟಿದಾಗ ಮೈ ಕಪ್ಪು, ಮುಖ ಕೆಂಪು, ದೊಡ್ಡವರದ್ದಕ್ಕೆ ಪೂರಾ ಉಲ್ಟಾ.

ಮೂರನೇ ದಿನ ಸಂಜೆ ತಾರಸಿಗೆ ಬಟ್ಟೆ ತೆಗೆಯೋಕೆ ಹೋದೆ. ಮಗಳು ಮೂಲೇಲಿ ಕೂತಿದ್ದಳು. “ಅಮ್ಮಾ, ಸದ್ದು ಮಾಡ್ಬೇಡ, ಮರಿ ನಾಲ್ಕನೇ ಕೈಗೆ ಹೋಗಾಕತ್ತೇತಿ” ಅಂದಳು. ಎಣಿಸ್ತಿದ್ದಳು ಅವಳು. ಹೆತ್ತವಳು ಬಿಳಿಹುಬ್ಬು. ಅವಳಿಂದ ಸೊಟ್ಟಬೆರಳು ತಗೊಂಡಳು, ಅವಳಿಂದ ಮೋಟುಬಾಲ, ಅವಳಿಂದ ಇನ್ನೂ ಹೆಸರಿಡದ ಒಬ್ಬ ಹುಡುಗಿ. ಆ ಹುಡುಗಿ ಮರಿಯನ್ನ ತಲೆಕೆಳಗಾಗಿ ಹಿಡಿದಿದ್ದಳು. ಬಿಳಿಹುಬ್ಬು ಆರಾಮಾಗಿ ಹುಣಸೆ ಚಿಗುರು ತಿಂತಾ ಕೂತಿದ್ದಳು.

ನಾನು ಓದು ನಿಲ್ಲಿಸಿದ್ದ ಜಾಗದ ಮುಂದಿನ ಪುಟಗಳಲ್ಲಿ ಇದೇ ಇತ್ತು. ಹರ್ಡಿ ಗಂಡುಗಳನ್ನ ಮಾತ್ರ ನೋಡಿರಲಿಲ್ಲ. ಮುಸಿಯಾ ತಾಯಿ ಹುಟ್ಟಿದ ದಿನವೇ ಮರಿಯನ್ನ ಬೇರೆ ಹೆಣ್ಣುಗಳ ಕೈಗೆ ಕೊಡ್ತಾಳೆ, ಯಾಕಂದ್ರೆ ಸುತ್ತ ಇರೋರು ತನ್ನವರು. ಬಸಿರಿರುವಾಗಲೂ ಹೊರಗಿನ ಗಂಡುಗಳ ಜೊತೆ ಕೂಡ್ತಾಳೆ, ಮರಿ ಯಾರದ್ದು ಅಂತ ಯಾವ ಗಂಡಿಗೂ ಖಾತ್ರಿ ಇರಬಾರದು ಅಂತ ಇರಬಹುದು ಅನ್ನೋದು ಹರ್ಡಿ ವಾದ. ಹೊಸ ಗಂಡು ಮರಿ ಮೇಲೆ ಬಿದ್ರೆ ಹೆಣ್ಣುಗಳು ಒಟ್ಟಾಗಿ ತಿರುಗಿ ಬೀಳ್ತಾವೆ.

ಅಬೂನಲ್ಲಿ ಒಬ್ಬ ಮುದುಕಿ ಇದ್ದಳು. ಹರ್ಡಿ ಇಟ್ಟ ಹೆಸರು ಸೋಲ್. ಮರಿ ಹೆರೋ ವಯಸ್ಸು ದಾಟಿತ್ತು, ಗುಂಪಿನ ಅಂಚಿನಲ್ಲಿ ಒಬ್ಬಳೇ ಇರ್ತಿದ್ದಳು, ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಮಗ್ ಅನ್ನೋ ಹೊಸ ಗಂಡು ಬೇರೆಯವಳ ಮರಿ ಹಿಡಿದಾಗ ನುಗ್ಗಿದ್ದು ಈ ಸೋಲ್ ಮತ್ತು ಇನ್ನೊಬ್ಬ ಹಿರಿಯ ಹೆಣ್ಣು. ತಮಗಿಂತ ಎಷ್ಟೋ ದೊಡ್ಡ ಗಂಡಿನ ಹಿಡಿತದಿಂದ ಮರಿಯನ್ನ ಬಿಡಿಸ್ಕೊಂಡು ಬಂದ್ರು. ಹೆಸರು ಸೋಲ್ ಆದ್ರೇನು, ಸೋಲೋ ಪೈಕಿ ಅಲ್ಲ ಆಕೆ.

ಇದನ್ನ ಅವ್ವನಿಗೆ ಓದಿ ಹೇಳಿದೆ. ಅವ್ವ ಅವರೆಕಾಯಿ ಸುಲೀತಾ ಕೇಳಿದಳು. ಕೊನೆಗೆ ಅಂದಿದ್ದು ಇಷ್ಟೇ: “ನಾ ಅದೀನಲ್ಲ. ಅದಕ್ಕ್ಯಾಕ ಅಷ್ಟು ಪುಸ್ತಕ ಓದಬೇಕು?”

ವಿಡಿಯೋದಲ್ಲಿ ದೊಡ್ಡಜ್ಜಿಯರು ಇರಲಿಲ್ಲ. ಹನ್ನೆರಡು ಸೆಕೆಂಡ್ ಮುಂಚೆಯೇ ಕಟ್ ಆಗಿತ್ತೋ ಏನೋ.

6/8

ಈ ಸಲ ಫೋಟೋ ಇಲ್ಲ, ಬರೀ ಮಾತು. ಉದ್ದ ಆಗ್ತದೆ, ಚಹಾ ತಗೊಂಡು ಕೂತ್ಕೊಳ್ಳಿ.

“ಅದು ಮಂಗ, ನಾವು ಮನುಷ್ಯರು” ಅಂತ ಹೇಳಿ ಮುಗಿಸಿಬಿಡಬಹುದಿತ್ತು. ಆದ್ರೆ ನಂಗೆ ಸುಳ್ಳು ಸಮಾಧಾನ ಬೇಡವಾಗಿತ್ತು, ಮಗಳ ವಿಷಯ ಇದು. ಕೆನಡಾದ ಮಾರ್ಟಿನ್ ಡೇಲಿ ಮತ್ತು ಮಾರ್ಗೋ ವಿಲ್ಸನ್ 1980ರ ದಶಕದಲ್ಲಿ ಮನುಷ್ಯರ ಅಂಕಿಅಂಶವನ್ನೇ ನೋಡಿದ್ರು. ಮಲತಂದೆ ಇರೋ ಮನೆಯ ಪುಟ್ಟ ಮಕ್ಕಳಿಗೆ ಅಪಾಯದ ಪ್ರಮಾಣ ಹೆಚ್ಚು ಅಂತ ಅವರಿಗೆ ಕಂಡಿತು. ಬಹುಪಾಲು ಮಲತಂದೆ, ಮಲತಾಯಂದಿರು ಮಕ್ಕಳಿಗೆ ಏನೂ ಮಾಡಲ್ಲ ಅನ್ನೋದೂ ಅಷ್ಟೇ ನಿಜ. ಸ್ವೀಡನ್‌ನಲ್ಲಿ 2000ದಲ್ಲಿ ಬಂದ ಅಧ್ಯಯನಕ್ಕೆ ಅಂಥ ವ್ಯತ್ಯಾಸ ಸಿಗಲಿಲ್ಲ. ವಾದ ನಡೀತಾನೇ ಇದೆ. ಹಾಗಾಗಿ ನನ್ನ ಹೆದರಿಕೆ ಹುಚ್ಚಲ್ಲ. ಎಚ್ಚರ ಬೇಕು ಅನ್ನೋದನ್ನ ನಾನು ಒಪ್ತೀನಿ.

ಆದ್ರೆ “ಯಾವ ಗಂಡೂ ಸಾಕಲ್ಲ” ಅನ್ನೋದು ಮಾತ್ರ ಮಂಗಗಳ ಲೋಕದಲ್ಲೇ ನಿಲ್ಲೋದಿಲ್ಲ.

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ತಾಯ್ ಅಂತ ಒಂದು ಕಾಡಿದೆ. ಹೆಸರು ನೋಡಿ! ಅಲ್ಲಿ ಚಿಂಪಾಂಜಿಗಳನ್ನ ದಶಕಗಟ್ಟಲೆ ನೋಡಿದ ಕ್ರಿಸ್ಟೋಫ್ ಬೋಶ್ ಮತ್ತು ತಂಡದವರು 2010ರಲ್ಲಿ ಒಂದು ವರದಿ ಬರೆದ್ರು. ತಾಯಿ ಸತ್ತ ಮರಿಗಳನ್ನ ದೊಡ್ಡ ಚಿಂಪಾಂಜಿಗಳು ದತ್ತು ತಗೊಂಡ 18 ಪ್ರಕರಣ. ಅದರಲ್ಲಿ ಅರ್ಧದಷ್ಟು ದತ್ತು ತಗೊಂಡಿದ್ದು ಗಂಡುಗಳು. ಡಿಎನ್‌ಎ ನೋಡಿದ್ರೆ, ಆ ಗಂಡುಗಳಲ್ಲಿ ಒಂದೇ ಒಂದು ಮಾತ್ರ ಮರಿಯ ಅಪ್ಪ. ಉತ್ತರ ಆಫ್ರಿಕಾದ ಬಾರ್ಬರಿ ಮಂಗಗಳಲ್ಲಿ ಗಂಡುಗಳು ತಮ್ಮದಲ್ಲದ ಮರಿಗಳನ್ನೂ ಹೊತ್ಕೊಂಡು ತಿರುಗ್ತಾವೆ. ದಕ್ಷಿಣ ಅಮೆರಿಕದ ಪುಟಾಣಿ ಮಾರ್ಮೊಸೆಟ್‌ಗಳಲ್ಲಂತೂ ಮರಿ ಹೊರೋದು ಇಡೀ ಮನೆಯ ಕೆಲಸ. ಚಿಂಪಾಂಜಿಗಳಲ್ಲೂ ಮರಿ ಕೊಲ್ಲೋದು ಉಂಟು, ಅದನ್ನೂ ಹೇಳಿಬಿಡ್ಬೇಕು. ಒಂದೇ ಜಾತಿ, ಎರಡೂ ನಡವಳಿಕೆ. ‘ನಿಸರ್ಗದ ನಿಯಮ’ ಅಂತ ಒಂದೇ ಸಾಲಲ್ಲಿ ಬರೆಯೋಕೆ ಆಗಲ್ಲ.

ಇನ್ನು ಹರ್ಡಿ ಏನಾದ್ರು? ಅವರೂ ತಾಯಿಯಾದ್ರು, ಅಜ್ಜಿಯಾದ್ರು. 2009ರ ಪುಸ್ತಕದಲ್ಲಿ, ಮನುಷ್ಯರ ಮಗು ತಾಯಿಯೊಬ್ಬಳ ಕೈಯಲ್ಲಿ ಬೆಳೆದು ಬಂದಿದ್ದಲ್ಲ, ಅಜ್ಜಿ, ಅಕ್ಕ, ಅಪ್ಪ, ನೆರೆಯವರು ಎಲ್ಲರ ಕೈಯಲ್ಲಿ ಬೆಳೆದಿದ್ದು ಅಂತ ಬರೆದ್ರು. ಆಮೇಲೆ ತಮ್ಮ ಅಳಿಯ ಎಳೇ ಕೂಸನ್ನ ನೋಡಿಕೊಳ್ಳೋದನ್ನ ಕಂಡು ಆಶ್ಚರ್ಯಪಟ್ಟು, 2024ರಲ್ಲಿ ಗಂಡಸರು ಮತ್ತು ಕೂಸುಗಳ ಬಗ್ಗೆಯೇ ಇಡೀ ಒಂದು ಪುಸ್ತಕ ಬರೆದ್ರು. ಮಗುವಿನ ಜೊತೆ ಹೆಚ್ಚು ಹೊತ್ತು ಕಳೆದ ಗಂಡಸಿನ ದೇಹವೇ ಬದಲಾಗ್ತದೆ ಅಂತ. ಫಿಲಿಪ್ಪೀನ್ಸ್‌ನ ಸೆಬೂನಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪ್ಪಂದಿರಾದವರ ಟೆಸ್ಟೋಸ್ಟಿರಾನ್ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮಗುವನ್ನ ನೋಡಿಕೊಳ್ತಿದ್ದವರಲ್ಲಿ ಇನ್ನೂ ಕಡಿಮೆ ಇತ್ತು. ಅವರೆಲ್ಲ ಹೆತ್ತ ಅಪ್ಪಂದಿರೇ, ನಿಜ. ಆದ್ರೆ ಅಪ್ಪಂದಿರ ನಡುವೆಯೇ ವ್ಯತ್ಯಾಸ ಕಂಡಿದ್ದು, ಯಾರು ಮಗುವಿನ ಜೊತೆ ಎಷ್ಟು ಹೊತ್ತು ಇದ್ರು ಅನ್ನೋದ್ರಲ್ಲಿ.

ಇಪ್ಪತ್ತೈದರಲ್ಲಿ ಮರಿ ಕೊಲ್ಲೋ ಗಂಡನ್ನ ನೋಡೋಕೆ ಬಂದ ಹೆಂಗಸು, ಎಪ್ಪತ್ತು ದಾಟಿ ಮರಿ ಸಾಕೋ ಗಂಡಿನ ಬಗ್ಗೆ ಬರೀತಾಳೆ. ಮೊದಲಿನದನ್ನ ಅಳಿಸಿಲ್ಲ ಆಕೆ. ನೋಡೋದನ್ನ ನಿಲ್ಲಿಸಲಿಲ್ಲ, ಅಷ್ಟೇ.

ನಾನು ಫೋನ್ ಎತ್ತಿದೆ.

7/8

ಈ ಚಪ್ಪಲಿ ನಮ್ಮ ತಾರಸಿ ಬಾಗಿಲಲ್ಲಿ ತೆಗೆದಿದ್ದು. ದೊಡ್ಡದು ಅವರದ್ದು.

ಅವರಿಗೆ ಎಲ್ಲ ಹೇಳಿದೆ. ವಿಡಿಯೋನೂ ತೋರಿಸಿದೆ. ಅವರು ಬೇಜಾರು ಮಾಡ್ಕೊಳ್ತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಹೆದರೋದು ಸರೀನೇ. ನನ್ನ ಹೇಗೆ ನೋಡಬೇಕೋ ನೋಡ್ರಿ. ಅವಸರ ಇಲ್ಲ” ಅಂದ್ರು.

ಹಾಗೆ ಭಾನುವಾರ ಬರೋಕೆ ಶುರು ಮಾಡಿದ್ರು. ಯಾವಾಗಲೂ ಅವ್ವ ಇರುವಾಗ, ಯಾವಾಗಲೂ ತಾರಸಿ ಮೇಲೆ ಅಥವಾ ಪಡಸಾಲೆಯಲ್ಲಿ. ಈ ನಿಯಮ ಮಾಡಿದ್ದು ನಾನು, ಮುಚ್ಚುಮರೆ ಇಲ್ಲದೆ ಹೇಳಿದ್ದೆ.

ಮೊದಲ ಎರಡು ಭಾನುವಾರ ಮಗಳು ಅವರ ಕಡೆ ತಿರುಗಿಯೂ ನೋಡಲಿಲ್ಲ. ಅವರೂ ಒಲಿಸಿಕೊಳ್ಳೋಕೆ ಹೋಗಲಿಲ್ಲ. ಚಾಕಲೇಟ್ ತರಲಿಲ್ಲ. ಸುಮ್ಮನೆ ಗೋಡೆಗೆ ಒರಗಿ ಪೇಪರ್ ಓದಿದ್ರು. ಮೂರನೇ ಭಾನುವಾರ ಪೊಲೀಸಪ್ಪ ಪಕ್ಕದ ಮನೆ ತಗಡಿನ ಮೇಲೆ ಧಡ್ ಅಂತ ಹಾರಿದಾಗ ಪೇಪರ್ ಬಿಟ್ಟು ಎದ್ದೇಬಿಟ್ರು, ಮುಖದಲ್ಲಿ ಬಣ್ಣ ಇಲ್ಲ. ಮಗಳು ನಕ್ಕಳು. “ಅದು ಸಿಟ್ಟಲ್ಲ. ಬರೀ ಸದ್ದು ಮಾಡ್ತೇತಿ. ನಾ ಬರಕೊಂಡೀನಿ, ಹನ್ನೊಂದು ಸಲ ಹಿಂಗ ಮಾಡೇತಿ, ಯಾರನ್ನೂ ಕಚ್ಚಿಲ್ಲ” ಅಂತ ನೋಟ್‌ಬುಕ್ ತೋರಿಸಿದಳು.

ಅವರು ಕನ್ನಡಕ ಏರಿಸಿ ಹನ್ನೊಂದೂ ಎಂಟ್ರಿ ಓದಿದ್ರು. ಒಂದರಲ್ಲಿ ಟೈಮ್ ಬರೆದಿಲ್ಲ ಅಂತ ತಪ್ಪು ಹಿಡಿದ್ರು. ಅವಳಿಗೆ ಸಿಟ್ಟು ಬಂತು. ಆಮೇಲೆ ಟೈಮ್ ಬರೆದಳು.

8/8

ಕೊನೇದು ಮತ್ತೆ ನೋಟ್‌ಬುಕ್. ಹೋದ ವಾರದ ಪುಟ.

ಆ ವಿಡಿಯೋಗೆ ಗ್ರೂಪಿನಲ್ಲಿ ನಾನು ಉತ್ತರ ಹಾಕಲಿಲ್ಲ. ಹಾಕಿದ್ರೆ ಹೀಗೆ ಬರೀತಿದ್ದೆ: ನೀವು ಕಳಿಸಿದ್ದು ನಿಜ. ಅದನ್ನ ಮೊದಲು ಕಂಡಿದ್ದು ನಮ್ಮೂರಲ್ಲೇ. ಆದ್ರೆ ಕಂಡವರು ‘ಗಂಡು’ ಅಂತ ನೋಡಿದವರಲ್ಲ, ಮುಖ ನೋಡಿ ಹೆಸರಿಟ್ಟು ವರ್ಷಗಟ್ಟಲೆ ಕೂತವರು. ಮುಸಿಯಾಕ್ಕೇ ಅಷ್ಟು ಮರ್ಯಾದೆ ಕೊಟ್ಟಿದ್ದಾರೆ. ಒಬ್ಬ ಮನುಷ್ಯನಿಗೆ ನಾವು ಹನ್ನೆರಡು ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಕೊಡೋಣ.

ಮದುವೆ ದಿನ ಇನ್ನೂ ಗೊತ್ತು ಮಾಡಿಲ್ಲ. ದಸರಾ ಕಳೀಲಿ ಅಂತ ಅವ್ವ ಅಂದಿದ್ದಾಳೆ. ಅಲ್ಲಿ ತನಕ ಭಾನುವಾರ ನಡೀತದೆ. ಆಮೇಲೂ ಅವ್ವ ನಮ್ಮ ಜೊತೆಗೇ ಇರ್ತಾಳೆ, ಅದು ಮೊದಲೇ ತೀರ್ಮಾನ ಆಗಿದೆ. ನನ್ನ ತಂಗಿ ಎರಡು ಓಣಿ ಆಚೆ. ಹೆದರಿಕೆ ಪೂರ್ತಿ ಹೋಗಿದೆಯಾ ಅಂತ ಕೇಳಿದ್ರೆ, ಇಲ್ಲ. ಸ್ವಲ್ಪ ಇರಲಿ, ಮಗಳಿಗೆ ಅದು ಕಾವಲು.

ಪುಟ ಸರಿಯಾಗಿ ಕಾಣ್ತಿಲ್ಲ ಅಂದ್ರೆ ಇಲ್ಲಿ ಟೈಪ್ ಮಾಡ್ತೀನಿ. ಕಿವಿಹರಕಿ, ಬಿಳಿಹುಬ್ಬು, ದೊಡ್ಡಜ್ಜಿ, ಪೊಲೀಸಪ್ಪ ಎಲ್ಲರ ಹೆಸರು ಆದ ಮೇಲೆ ಕೊನೇ ಸಾಲಲ್ಲಿ ಪೆನ್ಸಿಲ್‌ನಲ್ಲಿ:

“ಕನ್ನಡಕ. ಬಂದಿದ್ದು 10:15. ಬಾಳೆಹಣ್ಣು ಜೇಬಲ್ಲಿ ಬಚ್ಚಿಟ್ಟ. ಪೊಲೀಸಪ್ಪಂಗೆ ಹೆದರಿದ. ಹೋಗಿದ್ದು 1:40. ಮುಂದಿನ ವಾರ ನೋಡಬೇಕು.”

ನಿಮ್ಮ ತಾರಸಿಗೂ ಇವು ಬರ್ತಾವಾ? ಹೆಸರಿಟ್ಟಿದ್ರೆ ಕಾಮೆಂಟ್‌ನಲ್ಲಿ ಬರೀರಿ, ಮಗಳು ಎಲ್ಲ ಓದ್ತಾಳೆ. 🐒

#ಧಾರವಾಡ #ಮುಸಿಯಾ #ತಾರಸಿಟಿಪ್ಪಣಿ #ಕನ್ನಡಬರಹ